ವಿಶಾಲವ್ಯಾಪ್ತಿಯ ಆಮ್ಲಜನಕ ಸಂವೇದಕ: ತತ್ತ್ವ ಮತ್ತು ಆಯ್ಕೆ

ಒಲೆಗೆ ಗಾಳಿ ಸಾಲದಿದ್ದರೆ ಹೊಗೆ. ಗಾಳಿ ಹದವಾಗಿದ್ದರೆ ಉರಿ. ಊದುಗೊಳವೆ ಹಿಡಿದ ಯಾವ ಗೃಹಿಣಿಯೂ ಈ ಸತ್ಯವನ್ನು ಪುಸ್ತಕದಿಂದ ಕಲಿತವಳಲ್ಲ. ಸೀಮೆಎಣ್ಣೆಯ ಪಂಪ್ ಸ್ಟವ್ ಹಳದಿ ಜ್ವಾಲೆಯಿಂದ ಉರಿದಾಗ ಪಾತ್ರೆಯ ತಳ ಮಸಿಯಾಗುವುದನ್ನೂ, ನೀಲಿ ಜ್ವಾಲೆಯಿಂದ ಉರಿದಾಗ ಅಡುಗೆ ಬೇಗ ಮುಗಿಯುವುದನ್ನೂ ಹಿಂದಿನ ತಲೆಮಾರಿನ ಮನೆಗಳಲ್ಲಿ ಎಲ್ಲರೂ ಬಲ್ಲವರಾಗಿದ್ದರು. ಮೋಟಾರು ಕಾರಿನ ಎಂಜಿನ್ನೂ ತತ್ತ್ವತಃ ಒಂದು ಒಲೆಯೇ. ಆದರೆ ಅದರ ಜ್ವಾಲೆಯು ಲೋಹದ ಗೋಡೆಗಳ ಮರೆಯಲ್ಲಿ ನಿಮಿಷಕ್ಕೆ ಸಾವಿರಾರು ಸಲ ಹೊತ್ತಿ ಆರುತ್ತದೆಯಾದುದರಿಂದ ಅದರ ಬಣ್ಣವನ್ನು ಕಣ್ಣಾರೆ ಕಂಡು ಹದವನ್ನು ನಿರ್ಣಯಿಸುವ ಅವಕಾಶವಿಲ್ಲ.

ಹಿಂದಿನ ಮೇಸ್ತ್ರಿಗಳು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಅದರ ತುದಿಯ ಬಣ್ಣವನ್ನು ಪರೀಕ್ಷಿಸಿ, ಎಂಜಿನ್ನಿನ ಸದ್ದನ್ನು ಆಲಿಸಿ ಕಾರ್ಬ್ಯುರೇಟರಿನ ತಿರುಪನ್ನು ತಿರುಗಿಸುತ್ತಿದ್ದರು. ಅವರ ಅನುಭವ ಗೌರವಾರ್ಹವಾದುದು. ಆದರೆ ಎಂಜಿನ್ನು ಪೂರ್ಣ ವೇಗದಲ್ಲಿ, ಪೂರ್ಣ ಹೊರೆಯಲ್ಲಿ ಓಡುತ್ತಿರುವ ಕ್ಷಣದಲ್ಲಿ ಒಳಗೆ ನಡೆಯುವುದೇನೆಂಬುದನ್ನು ಆ ಕ್ಷಣದಲ್ಲಿಯೇ ತಿಳಿಸುವ ಸಾಧನ ಅವರ ಬಳಿ ಇರಲಿಲ್ಲ. ಅಂತಹ ಸಾಧನವೇ ಗ್ಯಾರೇಜುಗಳಲ್ಲಿ ‘ವೈಡ್‌ಬ್ಯಾಂಡ್ ಸೆನ್ಸರ್’ ಎಂದು ಕರೆಯಲ್ಪಡುವ ವಿಶಾಲವ್ಯಾಪ್ತಿಯ ಆಮ್ಲಜನಕ ಸಂವೇದಕ. ಇದರ ತತ್ತ್ವವೇನು, ಎಂಜಿನ್ನನ್ನು ಹದಗೊಳಿಸುವವನು ಇದನ್ನು ಹೇಗೆ ಆರಿಸಿಕೊಳ್ಳಬೇಕು, ಇದರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಪ್ರಸ್ತುತ ಲೇಖನದ ವಿಷಯವಾಗಿದೆ.

ಗಾಳಿ ಮತ್ತು ಇಂಧನದ ಹದ

ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಇದನ್ನು ಪೂರ್ಣದಹನ ಅನುಪಾತ ಎನ್ನಬಹುದು. ಗಾಳಿಯು ಎಷ್ಟು ಹಗುರವಾದ ವಸ್ತುವೆಂಬುದನ್ನು ನೆನೆದರೆ ಈ ಅಂಕಿಯ ಅರ್ಥ ವಿಶದವಾಗುತ್ತದೆ: ಒಂದು ಲೀಟರ್ ಪೆಟ್ರೋಲನ್ನು ಸುಡಲು ಎಂಜಿನ್ನು ಸುಮಾರು 9,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳಬೇಕು.

ಈ ಪ್ರಮಾಣಕ್ಕಿಂತ ಇಂಧನ ಹೆಚ್ಚಾದರೆ ಅದು ಸಮೃದ್ಧ ಮಿಶ್ರಣ. ಮೇಸ್ತ್ರಿಗಳು ಇದನ್ನು ‘ರಿಚ್’ ಎನ್ನುತ್ತಾರೆ. ಗಾಳಿ ಹೆಚ್ಚಾದರೆ ಅದು ಕೃಶ ಮಿಶ್ರಣ, ಅಂದರೆ ‘ಲೀನ್’. ಎಂಜಿನ್ನು ನಿಜವಾಗಿ ಸೇವಿಸುತ್ತಿರುವ ಅನುಪಾತವನ್ನು ಪೂರ್ಣದಹನ ಅನುಪಾತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ‘ಲ್ಯಾಂಬ್ಡಾ’ ಎಂದು ಹೆಸರು. ಮಿಶ್ರಣವು ಸರಿಯಾಗಿದ್ದರೆ ಲ್ಯಾಂಬ್ಡಾ 1. ಸಮೃದ್ಧವಾಗಿದ್ದರೆ 1ಕ್ಕಿಂತ ಕಡಮೆ. ಕೃಶವಾಗಿದ್ದರೆ 1ಕ್ಕಿಂತ ಅಧಿಕ.

ಎಂಜಿನ್ನಿಗೆ ಎಲ್ಲ ಹೊತ್ತಿನಲ್ಲಿಯೂ ಒಂದೇ ಹದ ಹಿತವಲ್ಲ. ಸಾಧಾರಣ ಓಟದಲ್ಲಿ, ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸವನ್ನು ಸಮರ್ಪಕವಾಗಿ ಮಾಡಬೇಕಾದರೆ ಲ್ಯಾಂಬ್ಡಾ 1ರ ಆಸುಪಾಸಿನಲ್ಲಿಯೇ ಇರಬೇಕು. ಪೂರ್ಣ ಶಕ್ತಿ ಬೇಕಾದಾಗ ಪೆಟ್ರೋಲ್ ಎಂಜಿನ್ನಿಗೆ 0.85ರಿಂದ 0.90ರವರೆಗಿನ ಸಮೃದ್ಧ ಮಿಶ್ರಣ ಒಗ್ಗುತ್ತದೆ. ಹೆಚ್ಚುವರಿ ಇಂಧನವು ಸಿಲಿಂಡರಿಗೆ ಬಂದ ಆಮ್ಲಜನಕವೆಲ್ಲವೂ ವಿನಿಯೋಗವಾಗುವಂತೆ ಮಾಡುವುದಲ್ಲದೆ, ತಾನು ಆವಿಯಾಗುವಾಗ ಉಷ್ಣವನ್ನು ಹೀರಿಕೊಂಡು ದಹನಕೋಣೆಯನ್ನು ತಂಪಾಗಿಡುತ್ತದೆ. ಭಾರವಾದ ಹೊರೆಯನ್ನೆಳೆಯುವಾಗ ಮಿಶ್ರಣವು ಕೃಶವಾದರೆ ತಾಪ ಏರಿ, ಇಂಧನವು ಅಕಾಲದಲ್ಲಿ ತಾನೇ ಹೊತ್ತಿಕೊಂಡು ‘ನಾಕಿಂಗ್’ ಎಂಬ ಬಡಿತ ಹುಟ್ಟುತ್ತದೆ. ಅದು ಬಲವಾಗಿ ಮುಂದುವರಿದರೆ ಪಿಸ್ಟನ್ನಿನ ಅಂಚು ಒಡೆಯಬಹುದು, ತಲೆಯಲ್ಲಿ ರಂಧ್ರವೇ ಬೀಳಬಹುದು. ಈ ಅನರ್ಥಕ್ಕೆ ಬೇಕಾಗುವ ಕಾಲ ಕೆಲವೇ ಸೆಕೆಂಡುಗಳು. ಹೀಗಾಗಿ ಅಳತೆಯ ಸಾಧನದಲ್ಲಿ ತಪ್ಪಿದ್ದರೆ ಅದರ ದಂಡವನ್ನು ತೆರಬೇಕಾದುದು ಎಂಜಿನ್ನೇ ಎಂಬುದನ್ನು ಮರೆಯಲಾಗದು.

ಸಂವೇದಕದ ಪೂರ್ವೇತಿಹಾಸ

ಈ ಸಾಧನದ ಮೂಲವನ್ನು ಅರಸುತ್ತ ಹೋದರೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯನ್ನು ತಲುಪಬೇಕಾಗುತ್ತದೆ. 1920ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ವಾಲ್ಟರ್ ನೆರ್ನ್‌ಸ್ಟ್ ಎಂಬ ವಿಜ್ಞಾನಿಯು 1889ರಲ್ಲಿ ವಿದ್ಯುತ್ಕೋಶವೊಂದರ ವೋಲ್ಟೇಜಿಗೂ ಅದರ ಎರಡು ಬದಿಗಳಲ್ಲಿರುವ ವಸ್ತುವಿನ ಪ್ರಮಾಣಕ್ಕೂ ಇರುವ ಸಂಬಂಧವನ್ನು ಸಮೀಕರಣ ರೂಪದಲ್ಲಿ ನಿರೂಪಿಸಿದನು. ಅದೇ ವಿಜ್ಞಾನಿಯು ಮುಂದೆ ಜಿರ್ಕೋನಿಯಾ ಎಂಬ ಪಿಂಗಾಣಿಯಂತಹ ವಸ್ತುವನ್ನು ಕಾಯಿಸಿ ಬೆಳಗುವ ವಿದ್ಯುದ್ದೀಪವನ್ನೂ ರಚಿಸಿದನು. ಜಿರ್ಕೋನಿಯಾ ತಣ್ಣಗಿರುವಾಗ ವಿದ್ಯುತ್ತನ್ನು ಹಾಯಗೊಡದು. ಚೆನ್ನಾಗಿ ಕಾದಾಗ ಆಮ್ಲಜನಕದ ಅಯಾನುಗಳು ಅದರ ಮೂಲಕ ಸಂಚರಿಸತೊಡಗುತ್ತವೆ. ಈ ಎರಡು ಶೋಧಗಳು ಕೂಡಿದ ಸ್ಥಳದಲ್ಲಿಯೇ ಇಂದಿನ ಸಂವೇದಕ ನಿಂತಿದೆ.

ಅಮೆರಿಕದಲ್ಲಿ 1970ರ ಶುದ್ಧವಾಯು ಕಾನೂನಿನ ತರುವಾಯ ವಾಹನಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿ ಬಂದಿತು. ಮೂರು ಬಗೆಯ ವಿಷಾನಿಲಗಳನ್ನು ಏಕಕಾಲದಲ್ಲಿ ನಿವಾರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಿದ್ಧವಾಯಿತಾದರೂ, ಮಿಶ್ರಣವು ಸದಾ ಲ್ಯಾಂಬ್ಡಾ 1ರ ಸಮೀಪದಲ್ಲಿರಬೇಕೆಂಬುದು ಅದರ ನಿಯಮವಾಗಿತ್ತು. ಆ ನಿಯಮವನ್ನು ಪಾಲಿಸುವಂತೆ ಮಾಡಲು ಜರ್ಮನಿಯ ಬಾಷ್ ಸಂಸ್ಥೆಯು 1976ರಲ್ಲಿ ಲ್ಯಾಂಬ್ಡಾ ಸಂವೇದಕವನ್ನು ತಯಾರಿಕೆಗೆ ತಂದಿತು. ಸ್ವೀಡನ್ನಿನ ವೋಲ್ವೋ ಸಂಸ್ಥೆಯು ಅಮೆರಿಕದ ಮಾರುಕಟ್ಟೆಗೆ ಕಳುಹಿದ ಕಾರುಗಳಲ್ಲಿ ಅದು ಮೊದಲು ಬಳಕೆಯಾಯಿತು. ಇದೇ ಬಾಷ್ ಬಳಗಕ್ಕೆ ಸೇರಿದ್ದು, ಕನ್ನಡಿಗರಿಗೆ ಬಹುಕಾಲ ‘ಮೈಕೋ’ ಎಂದೇ ಪರಿಚಿತವಾಗಿದ್ದ ಬೆಂಗಳೂರಿನ ಸಂಸ್ಥೆ. 2008ರಿಂದ ಅದೂ ಬಾಷ್ ಎಂಬ ಹೆಸರಿನಿಂದಲೇ ನಡೆಯುತ್ತಿದೆ.

ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2000ನೆಯ ವರ್ಷದಲ್ಲಿ ಸೀಸಮಿಶ್ರಿತ ಪೆಟ್ರೋಲಿನ ಮಾರಾಟ ದೇಶದಾದ್ಯಂತ ನಿಂತಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಂದಾಗಿ ಸಾಮಾನ್ಯ ಮೋಟಾರ್ ಸೈಕಲ್ಲುಗಳ ಹೊಗೆಕೊಳವೆಗಳಲ್ಲಿಯೂ ಆಮ್ಲಜನಕ ಸಂವೇದಕ ಕಾಣಿಸಿಕೊಂಡಿದೆ.

ಸಂಕುಚಿತ ವ್ಯಾಪ್ತಿಯ ಸಂವೇದಕದ ಮಿತಿ

ಮೊದಲು ಬಳಕೆಗೆ ಬಂದ ಸಂವೇದಕಕ್ಕೆ ‘ನ್ಯಾರೋಬ್ಯಾಂಡ್’, ಅಂದರೆ ಸಂಕುಚಿತ ವ್ಯಾಪ್ತಿಯದು ಎಂದು ಹೆಸರು. ಜಿರ್ಕೋನಿಯಾದ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಎಂಜಿನ್ನಿನ ಹೊಗೆ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿರುವ ಅಂತರದಿಂದ ಅಲ್ಪ ವೋಲ್ಟೇಜು ಹುಟ್ಟುತ್ತದೆ. ಮಿಶ್ರಣ ಕೃಶವಾಗಿದ್ದರೆ ಅದು ಸುಮಾರು 0.1 ವೋಲ್ಟ್, ಸಮೃದ್ಧವಾಗಿದ್ದರೆ 0.8ರಿಂದ 0.9 ವೋಲ್ಟ್. ಲ್ಯಾಂಬ್ಡಾ 1ರ ಬಳಿ ಮಾತ್ರ ವೋಲ್ಟೇಜು ಒಂದು ತುದಿಯಿಂದ ಇನ್ನೊಂದು ತುದಿಗೆ ಥಟ್ಟನೆ ಜಿಗಿಯುತ್ತದೆ.

ಅರ್ಥಾತ್ ಈ ಸಂವೇದಕವು ‘ಹೆಚ್ಚು’ ಅಥವಾ ‘ಕಡಮೆ’ ಎಂಬ ಎರಡೇ ಮಾತುಗಳನ್ನು ಬಲ್ಲದು. ‘ಎಷ್ಟು ಹೆಚ್ಚು’ ಎಂಬುದನ್ನು ಹೇಳಲಾರದು. ಲ್ಯಾಂಬ್ಡಾ 0.85 ಇರುವಾಗಲೂ 0.75 ಇರುವಾಗಲೂ ಅದರ ವೋಲ್ಟೇಜಿನಲ್ಲಿ ಇರುವ ವ್ಯತ್ಯಾಸ ಅತ್ಯಲ್ಪ. ಸಂವೇದಕದ ತಾಪ ತುಸು ಬದಲಾದರೂ ಅಷ್ಟೇ ವ್ಯತ್ಯಾಸ ಉಂಟಾಗುತ್ತದೆಯಾದುದರಿಂದ ಯಾವುದು ಮಿಶ್ರಣದ ಫಲ, ಯಾವುದು ತಾಪದ ಫಲ ಎಂದು ವಿಂಗಡಿಸುವುದು ಅಸಾಧ್ಯ. ಕಾರನ್ನು ದಿನನಿತ್ಯ ಲ್ಯಾಂಬ್ಡಾ 1ರ ಬಳಿ ನಿಲ್ಲಿಸಲು ಇದು ಸಾಕು. ಪೂರ್ಣ ಹೊರೆಯಲ್ಲಿ ಎಂಜಿನ್ನನ್ನು ಹದಗೊಳಿಸಲು ಇದು ಸಾಲದು. ಕಾರಿನಲ್ಲಿ ಮೊದಲೇ ಇರುವ ಈ ಸಂವೇದಕಕ್ಕೆ ಅಗ್ಗದ ಬಣ್ಣದ ಸೂಚಕವೊಂದನ್ನು ಜೋಡಿಸಿ ಹದ ಮಾಡಲು ಹೊರಡುವವರು ಇದನ್ನು ಅವಶ್ಯವಾಗಿ ಮನಗಾಣಬೇಕು.

ವಿಶಾಲವ್ಯಾಪ್ತಿಯ ಸಂವೇದಕದ ರಚನೆ

ವಿಶಾಲವ್ಯಾಪ್ತಿಯ ಸಂವೇದಕದಲ್ಲಿ ಒಂದರ ಬದಲು ಎರಡು ಕೋಶಗಳಿವೆ. ಅವುಗಳ ನಡುವೆ ಕೂದಲೆಳೆಯಂತಹ ಕಿರಿದಾದ ಕೋಣೆ. ಹೊಗೆಯು ಸೂಕ್ಷ್ಮರಂಧ್ರಗಳುಳ್ಳ ತಡೆಯೊಂದರ ಮೂಲಕ ನುಸುಳಿ ಈ ಕೋಣೆಯನ್ನು ಸೇರುತ್ತದೆ. ನೆರ್ನ್‌ಸ್ಟ್ ಕೋಶವೆಂಬ ಒಂದು ಕೋಶವು ಕೋಣೆಯೊಳಗಿನ ಆಮ್ಲಜನಕದ ಸ್ಥಿತಿಯನ್ನು ಕಾಯುತ್ತದೆ. ಪಂಪುಕೋಶವೆಂಬ ಇನ್ನೊಂದು ಕೋಶವು ವಿದ್ಯುತ್ ಪ್ರವಾಹದ ಬಲದಿಂದ ಆಮ್ಲಜನಕವನ್ನು ಕೋಣೆಯಿಂದ ಹೊರಕ್ಕೆ ಎತ್ತಿಹಾಕುತ್ತದೆ ಅಥವಾ ಒಳಕ್ಕೆ ತಂದು ತುಂಬುತ್ತದೆ.

ಬಾವಿಯ ನೀರು ಸದಾ ಒಂದೇ ಮಟ್ಟದಲ್ಲಿರಬೇಕೆಂದು ಒಬ್ಬನನ್ನು ಕಾವಲಿಗೂ ಇನ್ನೊಬ್ಬನನ್ನು ಏತಕ್ಕೂ ನಿಲ್ಲಿಸಿದಂತೆ ಇದನ್ನು ಊಹಿಸಬಹುದು. ನೀರು ಏರಿತೆಂದು ಕಾವಲುಗಾರ ಕೂಗಿದರೆ ಏತದವನು ಎತ್ತುತ್ತಾನೆ. ಇಳಿಯಿತೆಂದರೆ ಹೊರಗಿನಿಂದ ತಂದು ಸುರಿಯುತ್ತಾನೆ. ಬಾವಿಗೆ ಎಷ್ಟು ನೀರು ಒಸರುತ್ತಿದೆಯೆಂಬುದನ್ನು ಅರಿಯಲು ಬಾವಿಯೊಳಗೆ ಇಣುಕಬೇಕಾಗಿಲ್ಲ. ಏತದವನು ಪಟ್ಟ ಶ್ರಮವನ್ನು ಎಣಿಸಿದರೆ ಸಾಕು. ಸಂವೇದಕದಲ್ಲಿ ಕಾವಲುಗಾರನ ಗುರುತು 0.45 ವೋಲ್ಟ್. ಆ ಗುರುತನ್ನು ಕಾಯ್ದುಕೊಳ್ಳಲು ಪಂಪುಕೋಶಕ್ಕೆ ಹರಿಸಬೇಕಾದ ಪ್ರವಾಹವೇ ಅಳತೆ. ಮಿಶ್ರಣವು ಕೃಶವಾಗಿದ್ದರೆ ಪ್ರವಾಹ ಒಂದು ದಿಕ್ಕಿಗೆ. ಸಮೃದ್ಧವಾಗಿದ್ದರೆ ವಿರುದ್ಧ ದಿಕ್ಕಿಗೆ. ಲ್ಯಾಂಬ್ಡಾ ಸರಿಯಾಗಿ 1 ಇದ್ದರೆ ಪ್ರವಾಹ ಸೊನ್ನೆ.

ಇದರಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಸಂವೇದಕವು ತಾನೊಂದೇ ಯಾವ ಅಳತೆಯನ್ನೂ ಕೊಡಲಾರದು. ಪ್ರವಾಹವನ್ನು ಹರಿಸಿ, ಎಣಿಸಿ, ಒಳಗಿನ ಕಾವನ್ನು ಒಂದೇ ಮಟ್ಟದಲ್ಲಿ ಕಾಪಾಡುವ ಎಲೆಕ್ಟ್ರಾನಿಕ್ ನಿಯಂತ್ರಕವೂ ಅಷ್ಟೇ ಮುಖ್ಯ. ‘ಸಂವೇದಕದ ಆಯ್ಕೆ’ ಎಂಬ ಮಾತಿನ ನಿಜವಾದ ಅರ್ಥ ಸಂವೇದಕ ಮತ್ತು ನಿಯಂತ್ರಕಗಳ ಜೋಡಿಯ ಆಯ್ಕೆ.

ಸಂವೇದಕಗಳ ಬಗೆಗಳು

ಹದಗೊಳಿಸುವವರ ಕೈಗೆ ಹೆಚ್ಚಾಗಿ ಬರುವವು ಬಾಷ್ ಸಂಸ್ಥೆಯ ಎಲ್‌ಎಸ್‌ಯು ಸರಣಿಯವು ಮತ್ತು ಜಪಾನಿನ ಎನ್‌ಟಿಕೆ ಎಂಬ ಮುದ್ರೆಯವು. ಎನ್‌ಟಿಕೆ ಸಂವೇದಕಗಳು ಮುಂಚಿನಿಂದಲೂ ಹೆಸರಾದವು. ಇಂಧನ ಉಳಿತಾಯಕ್ಕಾಗಿ ಕೃಶ ಮಿಶ್ರಣದಲ್ಲಿ ಓಡುವಂತೆ ರಚಿತವಾದ 1992ರ ಹೋಂಡಾ ಸಿವಿಕ್ ವಿಎಕ್ಸ್ ಕಾರಿನಲ್ಲಿ ವಿಶಾಲವ್ಯಾಪ್ತಿಯ ಸಂವೇದಕವಿತ್ತು.

ಬಾಷ್ ಸರಣಿಯಲ್ಲಿ ಎಲ್‌ಎಸ್‌ಯು 4.2 ಹಳೆಯದು, ಎಲ್‌ಎಸ್‌ಯು 4.9 ಅದರ ನಂತರದ್ದು. ಎರಡೂ ಲ್ಯಾಂಬ್ಡಾ 0.65ರಿಂದ ಆರಂಭಿಸಿ ಶುದ್ಧ ಗಾಳಿಯವರೆಗೆ ಅಳೆಯುತ್ತವೆ. ಇವುಗಳ ಮುಖ್ಯ ಭೇದವಿರುವುದು ಹೋಲಿಕೆಯ ಗಾಳಿಯಲ್ಲಿ. 4.2ರ ಸಂವೇದಕವು ಹೋಲಿಕೆಗೆ ಬೇಕಾದ ಗಾಳಿಯನ್ನು ಹೊರಗಿನಿಂದ, ತನ್ನ ತಂತಿಗಳ ಹಾದಿಯ ಮೂಲಕ ಪಡೆಯುತ್ತದೆ. ತಂತಿಯ ಸುತ್ತಲಿನ ಗಾಳಿಯಲ್ಲಿ ಎಣ್ಣೆಯ ಇಲ್ಲವೆ ಪೆಟ್ರೋಲಿನ ಆವಿ ಬೆರೆತರೆ ಅದರ ಅಳತೆ ಕೆಡುತ್ತದೆ. 4.9ರಲ್ಲಿ ಅತ್ಯಲ್ಪವಾದ ಪ್ರವಾಹವೊಂದರಿಂದ ಹೋಲಿಕೆಯ ಆಮ್ಲಜನಕವನ್ನು ಒಳಗೇ ಸಂಗ್ರಹಿಸುವ ಏರ್ಪಾಡಿದೆ. ಆದುದರಿಂದ ಹೊರಗಿನ ಗಾಳಿಯ ದೋಷ ಅದನ್ನು ಅಷ್ಟಾಗಿ ಬಾಧಿಸದು. ಹೊಸದಾಗಿ ಕೊಳ್ಳುವವರಿಗೆ 4.9 ಉತ್ತಮವೆಂದು ಹೇಳುವುದಕ್ಕೆ ಇದೇ ಪ್ರಬಲ ಕಾರಣ. ಎಲ್‌ಎಸ್‌ಯು ಎಡಿವಿ ಎಂಬ ಇನ್ನೊಂದು ಬಗೆಯು ಇನ್ನೂ ಹೆಚ್ಚಿನ ತಾಪವನ್ನು ತಡೆಯುವಂತೆ ರೂಪಿತವಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 4.2 ಮತ್ತು 4.9 ನೋಡಲು ಒಂದೇ ವಂಶದವಾದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಜೋಡಿಸುವಂತಿಲ್ಲ. ನಿಯಂತ್ರಕವು ಸಂವೇದಕದ ಕಾವನ್ನು ಅದರ ಒಳರೋಧವನ್ನು ಅಳೆದು ತಿಳಿಯುತ್ತದೆ. 4.2ರಲ್ಲಿ ಈ ರೋಧ 80 ಓಮ್ ಇರುವಾಗ ಕಾವು ಸುಮಾರು 750 ಡಿಗ್ರಿ ಸೆಲ್ಸಿಯಸ್. 4.9ರಲ್ಲಿ ರೋಧ 300 ಓಮ್ ಇರುವಾಗ ಕಾವು ಸುಮಾರು 780 ಡಿಗ್ರಿ. ಕಾವು ಏರಿದಂತೆ ರೋಧ ಇಳಿಯುತ್ತದೆ. 4.2ಕ್ಕೆಂದು ರಚಿಸಿದ ನಿಯಂತ್ರಕಕ್ಕೆ 4.9ನ್ನು ಹೇಗಾದರೂ ತಗುಲಿಸಿದರೆ, ರೋಧವನ್ನು 80 ಓಮಿಗೆ ಇಳಿಸುವ ಹಟದಲ್ಲಿ ಅದು ಸಂವೇದಕವನ್ನು ಮಿತಿಮೀರಿ ಕಾಯಿಸುತ್ತದೆ. ಇದಕ್ಕೆ ವಿರುದ್ಧವಾದ ಜೋಡಣೆಯಲ್ಲಿ ಸಂವೇದಕವು ಸಾಕಷ್ಟು ಕಾಯದೆ ತಪ್ಪು ಅಂಕಿಯನ್ನು ಕೊಡುತ್ತದೆ. ಆದ್ದರಿಂದ ನಿಯಂತ್ರಕವು ಯಾವ ಸಂವೇದಕಕ್ಕಾಗಿ ರಚಿತವಾಗಿದೆಯೋ ಅದನ್ನೇ ಕೊಳ್ಳತಕ್ಕದ್ದು.

ನಿಯಂತ್ರಕದ ಆಯ್ಕೆ

ನಿಯಂತ್ರಕವನ್ನು ಆರಿಸುವಾಗ ಮೊದಲು ವಿಚಾರಿಸಬೇಕಾದುದು ಸರಿಹೊಂದಿಕೆಯ ಕ್ರಮ. ಒಂದೇ ಅಚ್ಚಿನಲ್ಲಿ ತಯಾರಾದರೂ ಎರಡು ಸಂವೇದಕಗಳು ಸರ್ವಥಾ ಸಮಾನವಾಗಿರುವುದಿಲ್ಲ. ಈ ಅಂತರವನ್ನು ಸರಿದೂಗಿಸಲು ಎರಡು ಮಾರ್ಗಗಳಿವೆ. ಒಂದನೆಯದು, ಕಾರ್ಖಾನೆಯಲ್ಲಿಯೇ ಪ್ರತಿಯೊಂದು ಸಂವೇದಕವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ರೋಧಕವೊಂದನ್ನು ಅದರ ಕನೆಕ್ಟರಿನೊಳಗೆ ಅಡಗಿಸಿಡುವುದು. 4.2 ಮತ್ತು 4.9 ಸಂವೇದಕಗಳಲ್ಲಿ ಇಂತಹ ರೋಧಕವಿದೆ. ಅದನ್ನು ಓದುವ ನಿಯಂತ್ರಕವಿದ್ದರೆ ಬಳಸುವವನು ಏನೂ ಮಾಡಬೇಕಾಗಿಲ್ಲ. ಆದರೆ ತಂತಿ ಉದ್ದ ಸಾಲದೆಂದು ಕನೆಕ್ಟರನ್ನು ಕತ್ತರಿಸಿ ಬಿಸುಟರೆ ಸಂವೇದಕದ ಜಾತಕವನ್ನೇ ಹರಿದೆಸೆದಂತಾಗುತ್ತದೆ.

ಎರಡನೆಯ ಮಾರ್ಗವು ತೆರೆದ ಗಾಳಿಯ ಸರಿಹೊಂದಿಕೆ. ಸಂವೇದಕವನ್ನು ಕೊಳವೆಯಿಂದ ಬಿಚ್ಚಿ, ಶುದ್ಧ ಗಾಳಿಯಲ್ಲಿ ಹಿಡಿದು, ‘ಇದು 20.9 ಪ್ರತಿಶತ ಆಮ್ಲಜನಕ’ ಎಂದು ನಿಯಂತ್ರಕಕ್ಕೆ ಕಲಿಸುವುದು. ಸಂವೇದಕಕ್ಕೆ ವಯಸ್ಸಾದಂತೆ ಉಂಟಾಗುವ ವ್ಯತ್ಯಾಸವನ್ನೂ ಇದು ಸರಿಪಡಿಸಬಲ್ಲದು. ಆದರೆ ಈ ಕಾರ್ಯವನ್ನು ವಾಹನಗಳ ಹೊಗೆ ತುಂಬಿದ ಗ್ಯಾರೇಜಿನೊಳಗೆ ನೆರವೇರಿಸಿದರೆ ತಪ್ಪನ್ನೇ ಸರಿಯೆಂದು ಕಲಿಸಿದಂತಾಗುವುದು. ಬಯಲಿನಲ್ಲಿ ತಿಂಗಳಿಗೊಮ್ಮೆಯಾದರೂ ಇದನ್ನು ಮಾಡುವ ತಾಳ್ಮೆಯುಳ್ಳವನಿಗೆ ಎರಡನೆಯ ಮಾರ್ಗ. ಅಷ್ಟು ವ್ಯವಧಾನವಿಲ್ಲದವನಿಗೆ ಮೊದಲನೆಯ ಮಾರ್ಗ ಮೇಲು.

ಎರಡನೆಯ ವಿಚಾರ, ಅಳತೆಯು ಹೊರಬರುವ ರೀತಿ. ಬಹುತೇಕ ನಿಯಂತ್ರಕಗಳು 0ಯಿಂದ 5 ವೋಲ್ಟ್‌ಗಳ ನಡುವಣ ಸಂಕೇತವನ್ನು ಕೊಡುತ್ತವೆ. ಕೆಲವು ಅಂಕಿಗಳನ್ನೇ ‘ಕ್ಯಾನ್’ ತಂತಿಯ ಮೂಲಕ ಎಂಜಿನ್ನಿನ ಗಣಕಕ್ಕೆ ಕಳುಹಿಸುತ್ತವೆ. ವೋಲ್ಟೇಜಿನ ಕ್ರಮದಲ್ಲಿ ಒಂದು ಅಪಾಯವಿದೆ. 0 ವೋಲ್ಟ್ ಎಂದರೆ ಅನುಪಾತ 10, 5 ವೋಲ್ಟ್ ಎಂದರೆ 20 ಎಂದು ನಿಗದಿಯಾಗಿದೆಯೆಂದು ಭಾವಿಸೋಣ. ಆಗ ಒಂದು ವೋಲ್ಟಿಗೆ ಅನುಪಾತದ 2 ಅಂಶ. ನಿಯಂತ್ರಕದ ಮತ್ತು ಗಣಕದ ಅರ್ತಿಂಗ್ ತಂತಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಬಿಗಿದುದರಿಂದ ಕೇವಲ 0.2 ವೋಲ್ಟ್ ಅಂತರ ಬಿದ್ದರೂ 12.5 ಎಂಬುದು 12.9 ಎಂದೋ 12.1 ಎಂದೋ ದಾಖಲಾಗುತ್ತದೆ. ಸಂವೇದಕ ಉತ್ಕೃಷ್ಟವಾಗಿದ್ದೂ ಅಳತೆ ಹಾಳಾಗುವ ಬಗೆ ಇದು. ಎರಡಕ್ಕೂ ಒಂದೇ ಸ್ಥಳದಲ್ಲಿ ಅರ್ತಿಂಗ್ ಕೊಡುವುದು, ಸಾಧ್ಯವಿದ್ದಲ್ಲಿ ಅಂಕಿಗಳನ್ನು ಕಳುಹಿಸುವ ಕ್ರಮವನ್ನು ಆರಿಸುವುದು ಇದಕ್ಕೆ ಪರಿಹಾರ.

ಮೂರನೆಯ ವಿಚಾರ, ಬದಲಿ ಸಂವೇದಕದ ಲಭ್ಯತೆ. ಸಂವೇದಕವು ಪ್ಲಗ್ಗಿನಂತೆ ಸವೆಯುವ ವಸ್ತು. ವಾಹನ ತಯಾರಕರು ಬಳಸುವ ಸಂವೇದಕವನ್ನೇ ಬೇಡುವ ನಿಯಂತ್ರಕವಾದರೆ ಬದಲಿಯನ್ನು ಹುಡುಕುವುದು ಸುಲಭ. ಪೆಟ್ಟಿಗೆಯ ಮೇಲೆ ಹೆಸರಾಂತ ಮುದ್ರೆಯಿದ್ದು ಬೆಲೆ ಅಸಹಜವಾಗಿ ಕಡಮೆಯಿದ್ದರೆ ಅದು ನಕಲಿ ಮಾಲಾಗಿರಬಹುದೆಂದು ಶಂಕಿಸಬೇಕು.

ಅನುಪಾತವೋ ಲ್ಯಾಂಬ್ಡಾವೋ?

ಬಹುಮಂದಿ ಬಳಕೆದಾರರು ಎಡವುವುದು ಇಲ್ಲಿಯೇ. ಸಂವೇದಕವು ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು. ಗಡಿಯಾರದಂತಹ ಫಲಕದ ಮೇಲೆ ಕಾಣುವ ‘14.7’ ಎಂಬ ಅಂಕಿಯು, ಲ್ಯಾಂಬ್ಡಾವನ್ನು ಪೆಟ್ರೋಲಿನ ಪೂರ್ಣದಹನ ಅನುಪಾತದಿಂದ ಗುಣಿಸಿ ಬರೆದದ್ದು ಮಾತ್ರ. ಟ್ಯಾಂಕಿನಲ್ಲಿರುವುದು ಯಾವ ಇಂಧನವೆಂಬುದು ಫಲಕಕ್ಕೆ ತಿಳಿಯದು.

ಶುದ್ಧ ಎಥನಾಲಿಗೆ ಪೂರ್ಣದಹನ ಅನುಪಾತ ಸುಮಾರು 9. ನೈಸರ್ಗಿಕ ಅನಿಲದ ಮುಖ್ಯಾಂಶವಾದ ಮೀಥೇನಿಗೆ ಸುಮಾರು 17.2. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಅಂತಹ ಇಂಧನದ ಪೂರ್ಣದಹನ ಅನುಪಾತವನ್ನು ಲೆಕ್ಕ ಹಾಕಿದರೆ ಸುಮಾರು 13.5 ಆಗುತ್ತದೆ. ಈ ಇಂಧನ ತುಂಬಿದ ಕಾರಿನಲ್ಲಿ ಫಲಕವು 14.7 ತೋರಿಸಿದಾಗ ನಿಜವಾದ ಅನುಪಾತ 13.5, 12.5 ತೋರಿಸಿದಾಗ ನಿಜವಾದುದು ಸುಮಾರು 11.5. ಆದರೆ ಲ್ಯಾಂಬ್ಡಾದಲ್ಲಿ ಓದಿದರೆ ಮೊದಲನೆಯದು 1, ಎರಡನೆಯದು 0.85. ಇಂಧನ ಯಾವುದಾದರೂ ಇದರಲ್ಲಿ ಬದಲಾವಣೆಯಿಲ್ಲ. ಆದುದರಿಂದ ಫಲಕವನ್ನು ಲ್ಯಾಂಬ್ಡಾದಲ್ಲಿಯೇ ಓದುವ ಅಭ್ಯಾಸ ಶ್ರೇಯಸ್ಕರ.

ಇದು ಕೇವಲ ಲೆಕ್ಕದ ಚಮತ್ಕಾರವಲ್ಲ. ಶುದ್ಧ ಪೆಟ್ರೋಲಿನಲ್ಲಿ ಪೂರ್ಣ ಹೊರೆಗೆ ಲ್ಯಾಂಬ್ಡಾ 0.88 ಎಂದು ಹದಗೊಳಿಸಿದ ಹಳೆಯ ಕಾರ್ಬ್ಯುರೇಟರ್ ಎಂಜಿನ್ನಿಗೆ 20 ಪ್ರತಿಶತ ಎಥನಾಲಿನ ಇಂಧನವನ್ನು ತುಂಬಿದರೆ, ಜೆಟ್ಟುಗಳು ಮೊದಲಿನಷ್ಟೇ ಇಂಧನ ಸುರಿಸುವುದರಿಂದ, ಮಿಶ್ರಣವು ಸುಮಾರು 0.95ರಷ್ಟು ಕೃಶವಾಗುತ್ತದೆ. ಎಥನಾಲಿಗೆ ಆಕ್ಟೇನ್ ಗುಣ ಅಧಿಕವಾದುದರಿಂದ ನಾಕಿಂಗ್ ಭಯ ಕೊಂಚ ತಗ್ಗಬಹುದು. ಆದರೂ ಹೊಗೆಯ ತಾಪ ಏರಬಹುದು, ಶಕ್ತಿಯೂ ಕುಂದಬಹುದು. ತಂದೆಯ ಕಾಲದ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವವರಿಗೆ ಈ ಅಂತರವನ್ನು ತೋರಿಸಿಕೊಡಬಲ್ಲ ಸಾಧನ ಇದು.

ಜೋಡಣೆಯ ನಿಯಮಗಳು

ಅತ್ಯುತ್ತಮ ಸಂವೇದಕವೂ ತಪ್ಪು ಸ್ಥಾನದಲ್ಲಿ ಕೆಲಸಕ್ಕೆ ಬಾರದು. ಟರ್ಬೋಚಾರ್ಜರ್ ಇರುವ ಎಂಜಿನ್ನಿನಲ್ಲಿ ಸಂವೇದಕವನ್ನು ಅದರ ನಂತರದ ಕೊಳವೆಯಲ್ಲಿ ಜೋಡಿಸಬೇಕು. ಟರ್ಬೋಗೆ ಮೊದಲು ಹೊಗೆಯ ಒತ್ತಡ ಹೆಚ್ಚಾಗಿರುವುದರಿಂದ ಅಳತೆ ತಪ್ಪುತ್ತದೆ, ತಾಪವೂ ಮಿತಿಮೀರುತ್ತದೆ. 4.9 ಸಂವೇದಕವು ಸತತವಾಗಿ ಸಹಿಸಬಲ್ಲ ಹೊಗೆಯ ತಾಪ ಸುಮಾರು 930 ಡಿಗ್ರಿ ಸೆಲ್ಸಿಯಸ್. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದಲ್ಲಿ ಅದಕ್ಕೆ ಮೊದಲೇ ಸಂವೇದಕವಿರಬೇಕು. ಅದರ ನಂತರ ಜೋಡಿಸಿದರೆ ಎಂಜಿನ್ನಿನಿಂದ ಹೊರಟ ಹೊಗೆಯು ಆಗಲೇ ಮಾರ್ಪಟ್ಟಿರುತ್ತದೆ.

ಸಂವೇದಕದ ತುದಿ ಕೆಳಮುಖವಾಗಿ, ಅದರ ದೇಹವು ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರುವಂತೆ ಕೂರಿಸಬೇಕು. ತಣ್ಣನೆಯ ಕೊಳವೆಯಲ್ಲಿ ಹನಿಗಟ್ಟುವ ನೀರು ಕಾದ ಪಿಂಗಾಣಿಯನ್ನು ತಗುಲಿದರೆ, ಕಾದ ಲಾಟೀನಿನ ಗಾಜಿಗೆ ನೀರು ಸಿಡಿದಂತೆ, ಅದು ಬಿರುಕು ಬಿಡುತ್ತದೆ. ಇನ್ನೊಂದು ನಿಯಮ: ಎಂಜಿನ್ನು ಓಡುತ್ತಿರುವಾಗ ಸಂವೇದಕಕ್ಕೆ ವಿದ್ಯುತ್ ಇಲ್ಲದೆ ಬಿಡಬಾರದು. ಕಾಯದ ಸಂವೇದಕದ ಮೇಲೆ ಮಸಿ ಕೂತು ಅದು ಬಹುಬೇಗ ನಿರುಪಯುಕ್ತವಾಗುವುದು. ಹದಗೊಳಿಸುವ ಕೆಲಸ ಮುಗಿದ ಮೇಲೆ ಬಳಸುವುದಿಲ್ಲವಾದರೆ ಅದನ್ನು ಬಿಚ್ಚಿ ರಂಧ್ರಕ್ಕೆ ಮುಚ್ಚಳದ ಬೋಲ್ಟ್ ಹಾಕಬೇಕು. ಸೀಸವುಳ್ಳ ಪಂದ್ಯದ ಇಂಧನ, ಸಿಲಿಕೋನ್ ಅಂಟು, ಹೊಗೆಯೊಡನೆ ಬರುವ ಎಂಜಿನ್ ಎಣ್ಣೆ ಇವು ಸಂವೇದಕಕ್ಕೆ ವಿಷಪ್ರಾಯವೆಂದು ತಿಳಿಯತಕ್ಕದ್ದು.

ಅಂಕಿಯನ್ನು ಅರಿತು ಓದುವುದು

ಸಂವೇದಕವು ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಹೊಗೆಯಲ್ಲಿರುವ ಆಮ್ಲಜನಕದ ವಿಚಾರವನ್ನೇ ಹೊರತು ಸಿಲಿಂಡರಿನೊಳಗಿನ ಸಮಗ್ರ ವೃತ್ತಾಂತವನ್ನಲ್ಲ. ಒಂದು ಸಿಲಿಂಡರಿನಲ್ಲಿ ಕಿಡಿ ಹತ್ತದೆ ಹೋದರೆ ಅಲ್ಲಿನ ಇಂಧನವೂ ಆಮ್ಲಜನಕವೂ ಉರಿಯದೆ ಹೊರಬರುತ್ತವೆ. ಆಗ ಸಂವೇದಕವು ಆ ಆಮ್ಲಜನಕವನ್ನು ಕಂಡು ‘ಕೃಶ’ ಎಂದು ತೋರಿಸುತ್ತದೆ. ಇದನ್ನು ನಂಬಿ ಇನ್ನಷ್ಟು ಇಂಧನ ಸುರಿದರೆ ಪ್ಲಗ್ಗುಗಳು ತೊಯ್ದು ದೋಷ ಉಲ್ಬಣಿಸುವುದೇ ಸರಿ. ಹೊಗೆಕೊಳವೆಯ ಗ್ಯಾಸ್ಕೆಟ್ ಸೀಳಿದ್ದರೂ ಹೊರಗಾಳಿ ನುಸುಳಿ ಇದೇ ಭ್ರಮೆಯನ್ನು ಉಂಟುಮಾಡುತ್ತದೆ.

ಇದಕ್ಕೂ ಗಂಭೀರವಾದುದು ಸರಾಸರಿಯ ಮೋಸ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಮೂರರ ಲ್ಯಾಂಬ್ಡಾ 0.85 ಇದ್ದು, ಇಂಜೆಕ್ಟರ್ ಕಟ್ಟಿಕೊಂಡ ನಾಲ್ಕನೆಯದರಲ್ಲಿ 0.97 ಇದೆಯೆಂದು ಭಾವಿಸೋಣ. ಕೂಡುಕೊಳವೆಯಲ್ಲಿರುವ ಏಕಮಾತ್ರ ಸಂವೇದಕವು ಸುಮಾರು 0.88 ಎಂದು ತೋರಿಸುತ್ತದೆ. ಫಲಕವನ್ನು ಕಂಡವನು ಸಂತುಷ್ಟನಾಗುತ್ತಾನೆ. ನಾಲ್ಕನೆಯ ಪಿಸ್ಟನ್ ಮಾತ್ರ ಬೇಯುತ್ತಿರುತ್ತದೆ. ಆದಕಾರಣ ಹೊಸ ಸಾಧನ ಬಂದಿತೆಂದು ಹಿಂದಿನ ಮೇಸ್ತ್ರಿಗಳ ಪ್ಲಗ್ ಪರೀಕ್ಷೆಯನ್ನು ಕೈಬಿಡಲಾಗದು. ನಾಲ್ಕು ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಸಂವೇದಕಕ್ಕೆ ಕಾಣದ ಭೇದವನ್ನು ಅವು ತೋರಿಸಿಕೊಡುತ್ತವೆ.

ಸಾರ್ವಜನಿಕ ರಸ್ತೆಯ ವಾಹನವನ್ನು ಹದಗೊಳಿಸುವವರಿಗೆ ಕಾನೂನಿನ ಕಟ್ಟುಪಾಡೂ ಇದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ವಿಧಿಸುತ್ತದೆ. ಹೊಗೆಯ ತಪಾಸಣೆಯ ಮಿತಿಯೂ ತಪ್ಪಿದ್ದಲ್ಲ. ವಿಶಾಲವ್ಯಾಪ್ತಿಯ ಸಂವೇದಕವು ಈ ಮಿತಿಯನ್ನು ಮೀರಲು ಬೇಕಾದ ಉಪಕರಣವಲ್ಲ. ಮಿತಿಯೊಳಗೆ ಇರಲು ನೆರವಾಗುವ ಉಪಕರಣ.

ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಹೊಸದಾಗಿ ಕೊಳ್ಳುವವನು 4.9 ಬಗೆಯ ಸಂವೇದಕವನ್ನೂ, ಅದಕ್ಕಾಗಿಯೇ ರಚಿತವಾದ ನಿಯಂತ್ರಕವನ್ನೂ ಆರಿಸಬೇಕು. ಸರಿಹೊಂದಿಕೆಯ ಕ್ರಮವು ತನ್ನ ತಾಳ್ಮೆಗೆ ಹೊಂದುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಫಲಕವನ್ನು ಲ್ಯಾಂಬ್ಡಾದಲ್ಲಿ ಓದಬೇಕು. ಸಂವೇದಕದ ಬೆಲೆಗೆ ಕೊಟ್ಟಷ್ಟೇ ಗಮನವನ್ನು ಅದರ ಸ್ಥಾನಕ್ಕೂ ಅರ್ತಿಂಗ್ ತಂತಿಗೂ ಕೊಡಬೇಕು. ಅಂಕಿಯು ವಿಚಿತ್ರವಾಗಿ ಕಂಡಾಗ ಇಂಧನವನ್ನು ಏರಿಸಿ ಇಳಿಸುವುದಕ್ಕೆ ಮುನ್ನ ಕಿಡಿಯನ್ನೂ ಕೊಳವೆಯ ಬಿರುಕನ್ನೂ ಪರೀಕ್ಷಿಸಬೇಕು.

ಯಂತ್ರವಿದ್ಯೆಯನ್ನು ಕಲಿಯಹೊರಟ ತರುಣರು ಇದರಿಂದ ಗ್ರಹಿಸಬೇಕಾದ ಪಾಠ ಎಂಜಿನ್ನಿಗೆ ಮಾತ್ರ ಸೀಮಿತವಲ್ಲ. ಸಾಧನವು ಎಷ್ಟು ಸೂಕ್ಷ್ಮವಾಗಿದ್ದರೂ ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬ ವಿವೇಕ ಬಳಸುವವನಲ್ಲಿಯೇ ಇರಬೇಕು. ಅಂಕಿಯನ್ನು ನೋಡಬಲ್ಲವರು ಬಹುಮಂದಿ. ಆ ಅಂಕಿ ಎಲ್ಲಿಂದ ಬಂದಿತೆಂದು ಕೇಳುವವನಿಗೆ ಎಂಜಿನ್ನನ್ನು ಧೈರ್ಯವಾಗಿ ಒಪ್ಪಿಸಬಹುದು.